ತೊಂಬತ್ತು, ನೂರ ಎಂಬತ್ತರ ಮಳೆಗಾಲ

ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ಯಾರಿಗೂ ಇಷ್ಟವಾಗುವಂಥದ್ದಲ್ಲ. ನನಗೆ ಮಾತ್ರ ಅದು ಮೂಗಿಗೆ ಬಿದ್ದರೆ ಒಂದು ಮಳೆಗಾಲ ಪೂರ್ತಿ ಎದ್ದು ಬರುತ್ತದೆ. ಮೊನ್ನೆ ಹಾಗೇ ಆಯಿತು. ಶಿವಾಜಿನಗರದಲ್ಲಿ ಶಾಹೀನಳ ಕನ್ನಡಕದ ಅಂಗಡಿಗೆ ಹೋಗಿದ್ದೆ. ಹೊಸ ಕನ್ನಡಕದ ಕಡ್ಡಿ ಕಿವಿಯ ಹಿಂದೆ ಒತ್ತುತ್ತಿದೆ ಎಂದು ತಕರಾರು ತೆಗೆದೆ. ಅವಳು ಅದನ್ನು ಇಸಿದುಕೊಂಡು ಬಿಸಿಗಾಳಿ ಊದುವ ಪುಟ್ಟ ಯಂತ್ರದ ಬಾಯಿಗೆ ಹಿಡಿದಳು. ಕಡ್ಡಿ ಮೆತ್ತಗಾಯಿತು, ವಾಸನೆ ಎದ್ದಿತು. ನಾನು ಕೂತಿದ್ದ ಕುರ್ಚಿಯನ್ನು ಒಮ್ಮೆ ತಿರುಗಿ ನೋಡಿದೆ. ಆ ವರ್ಷ ಅದೇ ಕುರ್ಚಿಯಲ್ಲಿ ನಮ್ಮ ಡ್ರೈವರ್ ಶರಣಪ್ಪ ಕೂತಿದ್ದ.

ಈಗ ನನಗೂ ಕನ್ನಡಕ ಬಂದಿದೆ, ದೂರಕ್ಕೂ ಹತ್ತಿರಕ್ಕೂ ಸೇರಿ ಒಂದೇ. ಆದರೆ ಕಣ್ಣಿನ ಚೀಟಿ ಕೈಗೆ ಬಂದಾಗ ಇದೇನು ಅದೇನು ಎಂದು ನಾನು ಯಾರನ್ನೂ ಕೇಳಲಿಲ್ಲ. ಚೀಟಿಯ ಪಟ್ಟಿಯಲ್ಲಿ ಮೊದಲನೇ ಮನೆಯ ನಂಬರ್ ಏನು, ಎರಡನೇ ಮನೆಯದು ಏನು, ಮೂರನೇ ಮನೆಯಲ್ಲಿ ನೂರರ ಮೇಲೆ ಹೋದರೂ ಯಾಕೆ ಹೆದರಬಾರದು, ಎಲ್ಲ ಗೊತ್ತು. ಕೊನೆಯಲ್ಲಿ ‘ಆಡ್’ ಎಂದು ಇನ್ನೊಂದು ಮನೆ ಇರುತ್ತದೆ. ಹತ್ತಿರದ್ದನ್ನು ಓದಬೇಕಾದರೆ ದೂರದ ನಂಬರಿಗೆ ಎಷ್ಟು ಸೇರಿಸಬೇಕು ಎಂಬ ಲೆಕ್ಕ ಅದು. ನಿನಗೆ ವಯಸ್ಸಾಯಿತು ಎಂಬುದನ್ನು ಇಷ್ಟು ಮರ್ಯಾದೆಯಾಗಿ ಹೇಳುವ ಕಾಗದವನ್ನು ನಾನು ಬೇರೆ ಕಂಡಿಲ್ಲ. ಈ ವಿದ್ಯೆಯನ್ನೆಲ್ಲ ನಾನು ಕಲಿತದ್ದು ಆ ಮಳೆಗಾಲದಲ್ಲಿ, ಒಬ್ಬ ಮನುಷ್ಯನ ಅನ್ನ ಹೋಗುವುದರಲ್ಲಿದ್ದಾಗ.

ನಾವು ಗರುಡಾಚಾರ್‌ಪಾಳ್ಯದವರು. ಅದನ್ನು ಊರು ಎನ್ನಬೇಕೋ ಏರಿಯಾ ಎನ್ನಬೇಕೋ ಈಗ ನಮಗೇ ಗೊಂದಲ. ನಾನು ಸೊಸೆಯಾಗಿ ಬಂದಾಗ ಮನೆಯ ಹಿಂದೆ ರಾಗಿ ಹೊಲ, ಅದರಾಚೆ ದ್ರಾಕ್ಷಿ ತೋಟ ಇತ್ತು. ಈಗ ಹೊಲದ ಜಾಗದಲ್ಲಿ ಬಾಡಿಗೆ ಮನೆಗಳು, ತೋಟದ ಜಾಗದಲ್ಲಿ ಯಾವುದೋ ಕಂಪನಿಯ ಗಾಜಿನ ಗೋಡೆ. ಬಾಡಿಗೆಯ ವ್ಯವಹಾರ ಯಜಮಾನರದು. ಮೆಟ್ಟಿಲು ಹತ್ತಿ ಒಬ್ಬೊಬ್ಬರ ಬಾಗಿಲು ಬಡಿಯುವ ಕೆಲಸ ನನಗೆ ಒಗ್ಗಲಿಲ್ಲ. ಉಳಿದಿದ್ದ ಖಾಲಿ ಜಾಗಕ್ಕೆ ಶೆಡ್ ಹಾಕಿಸಿ ಶಾಲಾ ವ್ಯಾನುಗಳನ್ನು ತಂದು ನಿಲ್ಲಿಸಿದೆ. ಹೆಂಗಸಿಗೆ ಯಾಕಮ್ಮ ಗಾಡಿ ಸಹವಾಸ ಎಂದು ಬುದ್ಧಿ ಹೇಳಿದವರ ಮೊಮ್ಮಕ್ಕಳೇ ಈಗ ನಮ್ಮ ವ್ಯಾನಿನಲ್ಲಿ ಶಾಲೆಗೆ ಹೋಗುತ್ತಾರೆ.

ವ್ಯಾನಿನ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಟೈರಿನ ಗಾಳಿ, ಬ್ರೇಕು, ವೈಪರು, ಎಲ್ಲವನ್ನೂ ಬೆಳಿಗ್ಗೆ ನಾನೇ ನೋಡುತ್ತೇನೆ. ಮಕ್ಕಳು ಕೂರುವುದಕ್ಕೂ ನಿಯಮ ಇದೆ: ಮೊದಲು ಹತ್ತಿದವರು ಕಡೆಯ ಸೀಟಿಗೆ, ಆಮೇಲೆ ಹತ್ತಿದವರು ಮುಂದಕ್ಕೆ. ಇಲ್ಲದಿದ್ದರೆ ಬ್ಯಾಗು, ಛತ್ರಿ, ನೀರಿನ ಬಾಟಲಿ ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡು ಬಾಗಿಲಲ್ಲೇ ಸಂತೆ ಶುರುವಾಗುತ್ತದೆ. ಡ್ರೈವರುಗಳಿಗೂ ಒಂದು ನಿಯಮ. ಶಾಲೆ ಬಾಗಿಲು ತೆರೆಯುವ ಮೊದಲು ಎಲ್ಲರೂ ಕಣ್ಣು ತೋರಿಸಿಕೊಂಡು ಬಂದು ಚೀಟಿಯನ್ನು ನನ್ನ ಕೈಗೆ ಕೊಡಬೇಕು.

ಶರಣಪ್ಪ ಆಗ ಹೊಸಬ. ಶಹಾಪುರದ ಕಡೆಯವನು. ಹೆಂಡತಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಂದು ನಮ್ಮ ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ. ಮಾತು ಕಡಿಮೆ, ಕೈ ಸ್ವಚ್ಛ, ಬ್ರೇಕಿನ ಮೇಲೆ ಕಾಲು ಹೂವಿನ ಹಾಗೆ ಇಡುತ್ತಿದ್ದ. ಹಿಂದೆ ಕೂತ ಮಗುವಿನ ಕೈಯಲ್ಲಿದ್ದ ಹಾಲಿನ ಲೋಟ ತುಳುಕದಂತೆ ಕೆ.ಆರ್. ಪುರದ ಹಳ್ಳ ದಿಣ್ಣೆ ದಾಟಿಸಬಲ್ಲ ಡ್ರೈವರುಗಳು ಎಷ್ಟು ಜನ ಸಿಗುತ್ತಾರೆ? ನಮ್ಮ ಅತ್ತೆಗಂತೂ ಅವನ ಮೇಲೆ ಬಲು ಅಕ್ಕರೆ. ಅವನ ಹೆಂಡತಿ ತಟ್ಟುವ ಜೋಳದ ರೊಟ್ಟಿ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಕೇಳಿದ ಮೇಲೆ ಅಕ್ಕರೆ ಇನ್ನಷ್ಟು ಹೆಚ್ಚಾಯಿತು.

ಆ ಬೇಸಿಗೆಯ ಕೊನೆಗೆ ಡ್ರೈವರುಗಳನ್ನೆಲ್ಲ ಹಲಸೂರಿನ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆ. ಶರಣಪ್ಪ ಚೀಟಿ ತಂದ. ಇದನ್ನು ಕೊಟ್ಟುಬಿಡಿ ಎಂದು ಹೇಳಿ ಕಳಿಸಿದರಂತೆ. ಅವರು ಹೇಳಿದ್ದು ಕೆಳಗಡೆ ಇದ್ದ ಕನ್ನಡಕದ ಕೌಂಟರಿನಲ್ಲಿ ಕೊಡಲು, ಅದು ನಮಗೆ ತಿಳಿದದ್ದು ಆಮೇಲೆ. ಇವನು ನನ್ನ ನಿಯಮ ನೆನಪಿಟ್ಟುಕೊಂಡು ನೆಟ್ಟಗೆ ನನಗೇ ತಂದುಕೊಟ್ಟ. ನಾನು ಚೀಟಿ ಬಿಡಿಸಿದೆ. ಮೈನಸ್ ಒಂದು, ಪ್ಲಸ್ ಒಂದೂವರೆ, ತೊಂಬತ್ತು ಎಂದು ಇಂಗ್ಲಿಷ್ ಅಂಕಿಗಳಲ್ಲಿ ಎರಡು ಕಣ್ಣಿಗೂ ಒಂದೇ ಥರ ಬರೆದಿತ್ತು. ಎಲ್ಲಕ್ಕಿಂತ ಕೆಳಗೆ ಆರು, ಒಂದು ಗೆರೆ, ಮತ್ತೆ ಆರು. ಆರಕ್ಕೆ ಆರು. ನನ್ನ ಮಕ್ಕಳ ಯಾವ ಅಂಕಪಟ್ಟಿಯಲ್ಲೂ ಕಾಣದ ಫುಲ್ ಮಾರ್ಕ್ಸು ನಮ್ಮ ಡ್ರೈವರನ ಕಣ್ಣಿಗೆ ಬಂದಿತ್ತು, ಮೇಲಿನ ಮೈನಸ್ಸು ಪ್ಲಸ್ಸು ನನ್ನ ಲೆಕ್ಕಕ್ಕೇ ಬರಲಿಲ್ಲ. ಅತ್ತೆಯೂ ಚೀಟಿ ಇಸಿದುಕೊಂಡು ನೋಡಿದರು. ಅವರಿಗೆ ಓದು ಬರುವುದಿಲ್ಲ, ಆದರೆ ಅಂಕಿ ಬರುತ್ತದೆ. ತೊಂಬತ್ತು, ಏನೂ ತೊಂದರೆ ಇಲ್ಲ ಎಂದು ತಲೆಯಾಡಿಸಿದರು. ನಾನು ಅದರ ಒಂದು ಝೆರಾಕ್ಸನ್ನು ಶಾಲೆಗೂ ಕೊಟ್ಟೆ.

ಜೂನ್ ಹಾಗೇ ಕಳೆಯಿತು. ಜುಲೈನಲ್ಲಿ ಮಳೆ ಹಿಡಿದುಕೊಂಡಿತು. ಬೆಂಗಳೂರಿನ ಈ ದಿಕ್ಕಿನ ಮಳೆ ಗೊತ್ತಲ್ಲ, ಬೆಳಿಗ್ಗೆ ಜಿನುಗು, ಸಂಜೆ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಸುರಿತ. ಟಿನ್ ಫ್ಯಾಕ್ಟರಿಯ ಹತ್ತಿರ ರಸ್ತೆಯೋ ಕೆರೆಯೋ ತಿಳಿಯದ ಹಾಗೆ ನೀರು. ಅಂಥ ಒಂದು ಸಂಜೆ, ಮಗನನ್ನು ಇಳಿಸಿಕೊಳ್ಳಲು ರಸ್ತೆ ಬದಿ ನಿಂತಿದ್ದ ಒಬ್ಬ ತಾಯಿ ಶಾಲೆಗೆ ದೂರು ಕೊಟ್ಟರು. ಡ್ರೈವರ್ ನಿಲ್ಲಿಸಬೇಕಾದ ಜಾಗ ದಾಟಿಕೊಂಡು ಹೋಗಿ ಆಮೇಲೆ ನಿಲ್ಲಿಸಿದ, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಾನೆ ಎಂದು. ಹೆತ್ತವರ ಗುಂಪಿನಲ್ಲಿ ಈ ಸುದ್ದಿ ಎಲ್ಲರ ಮೊಬೈಲಿಗೂ ಹೋಯಿತು. ಶಾಲೆಯವರು ತಡಮಾಡದೆ ಎಲ್ಲ ವ್ಯಾನುಗಳ ಡ್ರೈವರುಗಳಿಗೂ ಒಂದು ಕಣ್ಣಿನ ಶಿಬಿರ ಇಟ್ಟರು. ಸರಿಯಾದ ಕೆಲಸವನ್ನೇ ಮಾಡಿದರು, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಶರಣಪ್ಪ ಎರಡನೇ ಚೀಟಿ ತಂದ. ಪ್ಲಸ್ ಅರ್ಧ, ಮೈನಸ್ ಒಂದೂವರೆ, ನೂರ ಎಂಬತ್ತು.

ಮೊದಲು ಕಿರುಚಿದ್ದು ಅತ್ತೆ. ಕಿರುಚಿದ್ದು ಎಂದರೆ ಅವರ ಲೆಕ್ಕದಲ್ಲಿ ಕಿರುಚಿದ್ದು, ಕೈಯಲ್ಲಿದ್ದ ರಾಗಿ ಮೊರವನ್ನು ಕೆಳಗಿಟ್ಟು ಎದ್ದು ನಿಂತರು. ನಮ್ಮ ಮನೆಯಲ್ಲಿ ಎರಡು ತಲೆಮಾರಿನಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಬೆರಳು ಚುಚ್ಚಿ ಎಷ್ಟು ಬಂತು ಎಂದು ಕೇಳುವುದೇ ನಮ್ಮಲ್ಲಿ ಕುಶಲೋಪರಿ. ಅಂಕಿ ಕಂಡರೆ ಅದು ಸಕ್ಕರೆಯೇ ಎಂದು ಅತ್ತೆಯ ನಂಬಿಕೆ.

“ತೊಂಬತ್ತಿದ್ದಿದ್ದು ಎರಡೇ ತಿಂಗಳಿಗೆ ನೂರೆಂಬತ್ತಾ? ಇನ್ಮೇಲೆ ಆ ಹುಡುಗಂಗೆ ಅನ್ನ ಕೊಡ್ಬೇಡ ಅಂತ ಅವ್ನ ಎಂಡ್ತೀಗೆ ಏಳು ಪದ್ಮಾ” ಎಂದರು.

ನಾನು ಅದು ಸಕ್ಕರೆ ಅಲ್ಲ ಕಣ್ಣಿನದು ಎಂದೆ. ಕಣ್ಣು ಕೆಡುವುದೇ ಸಕ್ಕರೆಯಿಂದ ಎಂದು ಅವರು. ಆ ನೂರ ಎಂಬತ್ತು ಏನೆಂದು ನನಗೂ ಗೊತ್ತಿರಲಿಲ್ಲ. ಶರಣಪ್ಪ ಪಾಪ, ಮೂರು ದಿನ ಟೀಗೆ ಸಕ್ಕರೆ ಬಿಟ್ಟು, ಬೆಳಿಗ್ಗೆ ಮೆಂತ್ಯದ ನೀರು ಕುಡಿದು, ಅತ್ತೆ ಮೇಲೆ ಕಳಿಸಿದ ಹಾಗಲಕಾಯಿ ಪಲ್ಯ ತಿಂದ. ಕೊನೆಗೆ ನಾನೇ ರೇಗಿ ಅತ್ತೆಯ ಯಂತ್ರ ತಂದು ಅವನ ಬೆರಳು ಚುಚ್ಚಿದೆ. ಒಳ್ಳೇ ಆರೋಗ್ಯವಂತನ ಅಂಕಿ ಬಂತು. ಅತ್ತೆ ಒಪ್ಪಲಿಲ್ಲ, ಯಂತ್ರದ ಬ್ಯಾಟರಿ ಹೋಗಿರಬೇಕು ಎಂದರು.

ನಗುವುದಕ್ಕೆ ಇಷ್ಟು ಸಾಕು. ನಗಲಾಗದ್ದು ಶಾಲೆಯಲ್ಲಿ ಕಾದಿತ್ತು. ವ್ಯಾನುಗಳ ಉಸ್ತುವಾರಿ ನೋಡಿಕೊಳ್ಳುವ ಮೇಡಂ ಎರಡೂ ಚೀಟಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ನನ್ನನ್ನು ಕರೆಸಿದರು. ಮೈನಸ್ ಎಂದರೆ ದೂರದ್ದು ಕಾಣದವರಿಗೆ, ಪ್ಲಸ್ ಎಂದರೆ ಹತ್ತಿರದ್ದು ಕಾಣದವರಿಗೆ, ಇಷ್ಟು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಷ್ಟ ಶುರುವಾದದ್ದೇ ಅಲ್ಲಿ.

“ಪದ್ಮಾ, ನಿಮ್ಮನ್ನ ನಂಬ್ತೀನಿ. ಆದ್ರೆ ಮೇ ತಿಂಗಳಲ್ಲಿ ಮೈನಸ್ ಇದ್ದ ಕಣ್ಣು ಜುಲೈಗೆ ಪ್ಲಸ್ ಆಗಿದೆ ಅಂದ್ರೆ ನಾನು ಪೇರೆಂಟ್ಸ್‌ಗೆ ಏನ್ ಹೇಳ್ಲಿ? ಇಷ್ಟು ಬೇಗ ಬದಲಾಗೋ ಕಣ್ಣಿನ ಕೈಗೆ ಮಕ್ಕಳನ್ನ ಹೇಗೆ ಕೊಡ್ಲಿ? ಸೋಮವಾರದೊಳಗೆ ಕ್ಲಿಯರ್ ಮಾಡ್ಕೊಂಡ್ ಬನ್ನಿ. ಇಲ್ಲಾಂದ್ರೆ ಬೇರೆ ಡ್ರೈವರ್ ಕಳ್ಸಿ.”

ಅವರ ಮಾತಿನಲ್ಲಿ ತೆಗೆದುಹಾಕುವಂಥದ್ದು ಏನೂ ಇರಲಿಲ್ಲ. ಅಲ್ಲಿಯ ತನಕ ಶರಣಪ್ಪ ಸ್ಟೇರಿಂಗ್ ಮುಟ್ಟುವಂತಿಲ್ಲ ಎಂದು ನಾನೇ ಹೇಳಿ ಬಂದೆ. ಬದಲಿ ಡ್ರೈವರನ್ನು ಹುಡುಕಲಿಲ್ಲ. ವ್ಯಾನನ್ನು ನಾನೇ ಓಡಿಸಿದೆ. ನನ್ನದೂ ಲೈಸೆನ್ಸು ಇದೆ, ಕೈಯೂ ಇದೆ, ಆಗ ಕಣ್ಣೂ ಗಟ್ಟಿ ಇತ್ತು. ಬೆಳಿಗ್ಗೆ ಮಳೆಯಲ್ಲಿ ಹೊರಟು, ಒಬ್ಬೊಬ್ಬರನ್ನೇ ಹತ್ತಿಸಿಕೊಂಡು, ಶಾಲೆಯ ಗೇಟಿಗೆ ಗಂಟೆಗೆ ಮೊದಲೇ ತಂದು ನಿಲ್ಲಿಸುತ್ತಿದ್ದೆ. ಬಾಗಿಲ ಬಳಿ ಕೂರುವ ಆಯಾ ಬೆರಗಾಗಿ ನೋಡುತ್ತಿದ್ದಳು. ನಿಜ ಹೇಳಬೇಕೆಂದರೆ ನನ್ನ ಬಗ್ಗೆ ನನಗೂ ಹೆಮ್ಮೆಯಾಗಿತ್ತು.

ಶುಕ್ರವಾರ ಸಂಜೆ ಮಾಳಿಗೆ ಹತ್ತಿ ಹೋದರೆ ಶರಣಪ್ಪನ ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಅವನು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಕಣ್ಣು ಕಾಣದ ಡ್ರೈವರ್ ಎಂದು ಹೆಸರು ಬಿದ್ದ ಮೇಲೆ ಈ ಸುತ್ತಿನಲ್ಲಿ ಯಾರೂ ಗಾಡಿ ಕೊಡುವುದಿಲ್ಲ, ಊರಿಗೇ ಹೋಗುತ್ತೇನೆ ಎಂದ. ಊರಲ್ಲಿ ಏನು ಮಾಡುತ್ತೀಯ ಎಂದರೆ ಹೆಂಡತಿಯ ಕೈಯಿಂದ ಚೀಲ ಇಸಿದುಕೊಂಡು ಅದರ ಬಾಯಿ ಕಟ್ಟತೊಡಗಿದ. ಇಬ್ಬರು ಮಕ್ಕಳನ್ನೂ ಆ ವರ್ಷವೇ ಇಲ್ಲಿ ಶಾಲೆಗೆ ಸೇರಿಸಿದ್ದ. ಹಿರಿಯ ಮಗಳು ಮೂಲೆಯಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದಳು, ಚೀಲಕ್ಕೆ ಹೋಗದೆ ಉಳಿದದ್ದು ಅವಳ ಪುಸ್ತಕಗಳು ಮಾತ್ರ.

“ನಂಗ ಮೊದಲಿಂದ ಹಿಂಗಾ ಕಾಣ್ತದ್ರಿ ಅಕ್ಕಾರ. ಎಲ್ಲರಿಗೂ ಹಿಂಗಾ ಕಾಣ್ತದ ಅಂತ ತಿಳ್ಕೊಂಡಿದ್ದೆ” ಎಂದ.

ಆ ಮಾತು ಕೇಳಿ ನನಗೆ ಸಂಕಟವಾಯಿತು, ಅದರ ಜೊತೆಗೇ ಒಂದು ಅನುಮಾನವೂ ಹುಟ್ಟಿತು. ಮೊದಲಿನಿಂದ ಹೀಗೇ ಕಾಣುತ್ತಿದ್ದರೆ ಕಣ್ಣು ಬದಲಾಗಿಲ್ಲ. ಕಣ್ಣು ಬದಲಾಗಿಲ್ಲ ಎಂದರೆ ಚೀಟಿಗಳಲ್ಲಿ ಒಂದು ಸುಳ್ಳು. ಯಾವುದು ಸುಳ್ಳೆಂದು ಹುಡುಕಿ, ಅವರ ಬಾಗಿಲಿಗೆ ಹೋಗಿ ಜಗಳ ತೆಗೆಯುವುದು ಎಂದು ತೀರ್ಮಾನ ಮಾಡಿದೆ. ಮೂರನೇ ಕಡೆ ಕಣ್ಣು ತೋರಿಸೋಣ ಎಂದು ಯಜಮಾನರು ಸಲಹೆ ಕೊಟ್ಟರು. ಮೂರನೇ ಕಡೆ ಮೂರನೇ ನಂಬರ್ ಬಂದರೆ ಏನು ಗತಿ ಎಂದೆ. ಅವರು ಬಾಡಿಗೆ ವಸೂಲಿಗೆ ಎದ್ದು ಹೋದರು.

ಮರುದಿನ ಶರಣಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಇಬ್ಬರಿಗೂ ಮಳೆಕೋಟು, ಚೀಟಿಗಳಿಗೆ ಹಾಲಿನ ಪ್ಯಾಕೆಟ್ಟಿನ ಕವರು. ಟಿನ್ ಫ್ಯಾಕ್ಟರಿ ದಾಟಿ, ಇಂದಿರಾನಗರದ ಪಕ್ಕಕ್ಕೆ ಹಾದು, ಹಲಸೂರು ಕೆರೆ ಬಳಸಿ ಶಿವಾಜಿನಗರ ಮುಟ್ಟುವ ಹೊತ್ತಿಗೆ ಮಳೆಕೋಟಿನ ಒಳಗೂ ಮಳೆ ಬಂದಿತ್ತು. ಶಾಹೀನಳ ಅಂಗಡಿ ಬಸ್ ಸ್ಟ್ಯಾಂಡಿನಿಂದ ಕಮರ್ಷಿಯಲ್ ಸ್ಟ್ರೀಟಿಗೆ ಹೋಗುವ ಒಂದು ಗಲ್ಲಿಯಲ್ಲಿದೆ. ಅತ್ತೆಗೆ ಪೊರೆ ತೆಗೆಸಿದಾಗ ಕನ್ನಡಕ ಮಾಡಿಕೊಟ್ಟದ್ದು ಅವಳ ಅಪ್ಪ. ಈಗ ಅಂಗಡಿ ಅವಳದು. ಅಪ್ಪನಿಗೆ ಅನುಭವ ಇತ್ತು, ಇವಳು ಅದಕ್ಕೇ ಅಂತ ಕಾಲೇಜಿಗೆ ಹೋಗಿ ಓದಿದ್ದಾಳೆ. ಅಂಗಡಿಯಲ್ಲಿ ಅಪ್ಪನ ಹಳೇ ಗಾಜಿನ ಬೀರುವೂ ಇದೆ, ಇವಳು ತಂದ ಹೊಸ ಯಂತ್ರವೂ ಇದೆ.

ಶಾಹೀನ ಎರಡು ಚೀಟಿಗಳನ್ನೂ ನೋಡಿ ನಕ್ಕಳು. ನನಗೆ ನಗು ಬರುವ ಹೊತ್ತಾಗಿರಲಿಲ್ಲ. ಯಾವುದು ತಪ್ಪು ಹೇಳು, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ.

“ಎರಡೂ ಕರೆಕ್ಟೇ ಅಕ್ಕಾ. ಎರಡೂ ಒಂದೇ ಕನ್ನಡಕ. ಬರೆಯೋ ರೀತಿ ಬೇರೆ, ಅಷ್ಟೇ” ಎಂದಳು.

ಮೈನಸ್ಸೂ ಪ್ಲಸ್ಸೂ ಒಂದೇ ಹೇಗಾಗುತ್ತದೆ ಎಂದು ನಾನು ಕೌಂಟರಿನ ಮೇಲೆ ಮೊಣಕೈ ಊರಿದೆ. ಅವಳು ಟೇಬಲ್ ಮೇಲಿದ್ದ ರಬ್ಬರ್ ಚೆಂಡೊಂದನ್ನು ತೆಗೆದು ತೋರಿಸಿದಳು. ಕಣ್ಣಿನ ಮುಂಭಾಗ ಚೆಂಡಿನ ಹಾಗೆ ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿದ್ದರೆ ಒಂದೇ ನಂಬರ್ ಸಾಕು, ಚೀಟಿಯ ಮೊದಲ ಮನೆ ತುಂಬಿದರೆ ಕೆಲಸ ಮುಗಿಯಿತು. ಶರಣಪ್ಪನ ಕಣ್ಣು ಹಾಗಿಲ್ಲ. ಅವಳು ಚೆಂಡನ್ನು ಅಂಗೈಯಲ್ಲಿ ಅಮುಕಿದಳು, ಅದು ಮೊಟ್ಟೆಯ ಆಕಾರಕ್ಕೆ ಬಂತು. ಮೇಲಿಂದ ಕೆಳಕ್ಕೆ ಒಂದು ಬಾಗು, ಅಡ್ಡಕ್ಕೆ ಇನ್ನೊಂದು ಬಾಗು. ಮೇಲಿಂದ ಕೆಳಗಿನ ದಿಕ್ಕಿಗೆ ಮೈನಸ್ ಒಂದು ಬೇಕು, ಅಡ್ಡ ದಿಕ್ಕಿಗೆ ಪ್ಲಸ್ ಅರ್ಧ ಬೇಕು. ಎರಡರ ನಡುವಿನ ಅಂತರ ಒಂದೂವರೆ. ಎರಡನೇ ಮನೆಯಲ್ಲಿ ಬರೆಯುವುದು ಆ ಅಂತರವನ್ನು. ಹಲಸೂರಿನ ಡಾಕ್ಟರು ಮೈನಸ್ ಒಂದರಿಂದ ಹೊರಟು ಒಂದೂವರೆ ಕೂಡಿಸಿದ್ದರು. ಶಿಬಿರದವರು ಪ್ಲಸ್ ಅರ್ಧದಿಂದ ಹೊರಟು ಒಂದೂವರೆ ಕಳೆದಿದ್ದರು. ಮೂರನೇ ಮನೆಯ ತೊಂಬತ್ತು, ನೂರ ಎಂಬತ್ತು ಎಂಬುದು ಬರೀ ದಿಕ್ಕು. ಶಾಲೆಯ ಕಂಪಾಸ್ ಪೆಟ್ಟಿಗೆಯ ಕೋನಮಾಪಕದಲ್ಲಿ ಇರುವ ಡಿಗ್ರಿ. ತೊಂಬತ್ತೆಂದರೆ ನೆಟ್ಟಗೆ ನಿಂತ ಗೆರೆ, ನೂರ ಎಂಬತ್ತೆಂದರೆ ಮಲಗಿದ ಗೆರೆ. ಯಾವ ದಿಕ್ಕಿನಿಂದ ಲೆಕ್ಕ ಶುರು ಮಾಡಿದೆವು ಎಂಬುದರ ಗುರುತು ಅದು.

ನಾನು ಚೀಟಿಗಳನ್ನು ನೋಡಿದೆ, ಚೆಂಡನ್ನು ನೋಡಿದೆ, ಗೋಡೆಯ ಗಡಿಯಾರವನ್ನು ನೋಡಿದೆ. ತಲೆಗೆ ಬಂತು.

“ಅಂದ್ರೆ ಹತ್ತೂ ಮುಕ್ಕಾಲು ಅನ್ನೋದೂ ಹನ್ನೊಂದಕ್ಕೆ ಕಾಲು ಗಂಟೆ ಇದೆ ಅನ್ನೋದೂ ಒಂದೇ. ಅಷ್ಟೇ ತಾನೇ?”

ಕಾಲೇಜಿನಲ್ಲಿ ಯಾರೂ ಹೀಗೆ ಹೇಳಿಕೊಡಲಿಲ್ಲ ಎಂದಳು ಶಾಹೀನ. ಈಗಲೂ ಗಿರಾಕಿಗಳಿಗೆ ಅದನ್ನೇ ಹೇಳುತ್ತಾಳೆ, ನನ್ನ ಮುಂದೆಯೇ ಹೇಳುತ್ತಾಳೆ, ನನ್ನ ಹೆಸರು ಮಾತ್ರ ಎತ್ತುವುದಿಲ್ಲ.

ಶರಣಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಬಾಗಿಲಿನ ಕಡೆಗೆ ಮುಖ ಮಾಡಿಸಿದಳು. ಗಲ್ಲಿಯ ಆ ತುದಿಯಲ್ಲಿ ಒಂದು ಟೈಲರ್ ಅಂಗಡಿ. ಬೋರ್ಡು ಓದಿ ಎಂದಳು. ದೊಡ್ಡ ಅಕ್ಷರದ ಹೆಸರನ್ನು ಓದಿದ. ಅದರ ಕೆಳಗಿನದು ಓದಿ ಎಂದರೆ ಕಣ್ಣು ಕಿರಿದು ಮಾಡಿದ. ಹಾಗೆ ಮಾಡಬಾರದು ಎಂದಳು. ಆಗ ಕೆಳಗೆ ಏನಾದರೂ ಬರೆದಿದೆಯೇನ್ರಿ ಎಂದು ಕೇಳಿದ. ಅವನ ಮೂಗಿನ ಮೇಲೆ ಒಂದು ಭಾರದ ಗುಂಡು ಚೌಕಟ್ಟು ಇಟ್ಟು, ಹಲಸೂರಿನ ಚೀಟಿಯ ಗಾಜುಗಳನ್ನು ಒಂದರ ಹಿಂದೆ ಒಂದು ಸಿಕ್ಕಿಸಿ, ಅಂಚಿನ ಡಿಗ್ರಿ ನೋಡಿ ತಿರುಗಿಸಿದಳು. ಶರಣಪ್ಪ ಹಿಂದಕ್ಕೆ ಒರಗಿ ಕೂತ. ಫಾಲ್, ಪೀಕೋ, ಬ್ಲೌಸ್ ಒಂದೇ ದಿನದಲ್ಲಿ ಎಂದು ತಡವರಿಸದೆ ಓದಿದ. ಅಂಗಡಿ ಬಾಗಿಲು ಹಿಂದುಗಡೆ ಎಂದು ಇನ್ನೂ ಸಣ್ಣದಾಗಿ ಬರೆದಿದ್ದನ್ನೂ ಓದಿದ. ಆ ಗಾಜುಗಳನ್ನು ತೆಗೆದು ಶಿಬಿರದ ಚೀಟಿಯವನ್ನು ಹಾಕಿದಳು. ಮತ್ತೆ ಅದೇ ಫಾಲ್, ಅದೇ ಪೀಕೋ, ಹಿಂದುಗಡೆ ಅದೇ ಬಾಗಿಲು.

ನಾನು ಗೆದ್ದವಳ ಹಾಗೆ ಆರಕ್ಕೆ ಆರು ಅಂತ ಮೊದಲೇ ಇತ್ತಲ್ಲ ಎಂದೆ. ಶಾಹೀನ ಚೀಟಿಯ ಮೇಲೆ ಬೆರಳಿಟ್ಟಳು. ಆರು ಬೈ ಆರರ ಪಕ್ಕ ಇರುವೆಯಷ್ಟು ಸಣ್ಣದಾಗಿ ಕನ್ನಡಕ ಹಾಕಿದಾಗ ಎಂದು ಇಂಗ್ಲಿಷಿನಲ್ಲಿತ್ತು. ಅದರ ಮೇಲಿನ ಸಾಲಿನಲ್ಲಿ, ಬರಿಗಣ್ಣಿಗೆ ಎಂಬ ಮಾತಿನ ಪಕ್ಕ, ಆರು ಬೈ ಹದಿನೆಂಟು.

“ಬೇರೆಯವರು ಹದಿನೆಂಟು ಮೀಟರ್ ದೂರದಿಂದ ಓದೋದನ್ನ ಇವ್ರು ಓದ್ಬೇಕಂದ್ರೆ ಆರು ಮೀಟರ್‌ವರೆಗೆ ಹತ್ತಿರ ಬರ್ಬೇಕು ಅಕ್ಕಾ” ಎಂದಳು.

ಅಷ್ಟು ಹೊತ್ತು ಇದ್ದ ಗೆದ್ದ ಭಾವ ಒಂದೇ ಮಾತಿಗೆ ಇಳಿದುಹೋಯಿತು. ಹದಿನೆಂಟು ಮೀಟರಿಗೂ ಆರು ಮೀಟರಿಗೂ ನಡುವಿನ ಜಾಗವನ್ನು ನಾನು ಗಾಡಿ ಓಡಿಸುವವಳ ಕಣ್ಣಿನಿಂದ ಅಳೆದೆ. ಮಳೆ, ಟಿನ್ ಫ್ಯಾಕ್ಟರಿಯ ನೀರು, ಬದಿಯಲ್ಲಿ ಛತ್ರಿ ಹಿಡಿದು ನಿಂತ ತಾಯಂದಿರು. ದೂರು ಕೊಟ್ಟ ಆ ತಾಯಿಯ ಮೇಲೆ ನನಗೆ ಒಳಗೊಳಗೇ ಇದ್ದ ಸಿಟ್ಟು ಅಲ್ಲೇ ಹೋಯಿತು. ಆಕೆ ಹೇಳದಿದ್ದರೆ ಇದು ಗೊತ್ತಾಗುವುದು ಹೇಗಿತ್ತೋ. ಶರಣಪ್ಪನೂ ಅದನ್ನೇ ಅಳೆಯುತ್ತಿದ್ದನೆಂದು ಕಾಣುತ್ತದೆ. ತಲೆ ತಗ್ಗಿಸಿ ಕೂತಿದ್ದ. ಕನ್ನಡಕ ಇಲ್ಲದೆ ಇನ್ನು ಚಾವಿ ಮುಟ್ಟುವುದಿಲ್ಲ ಎಂದು ನಾನು ಕೇಳುವ ಮೊದಲೇ ಹೇಳಿದ.

ಇಂಥ ನಂಬರಿನ ಗಾಜು ಅಂಗಡಿಯಲ್ಲೇ ಇತ್ತು. ಅದನ್ನು ಫ್ರೇಮಿಗೆ ತಕ್ಕಂತೆ ಉಜ್ಜಿ ಕೂರಿಸುವ ತನಕ ನಾವು ಪಕ್ಕದ ಹೋಟೆಲಿನಲ್ಲಿ ಸುಲೇಮಾನಿ ಚಾ ಕುಡಿದೆವು. ಶರಣಪ್ಪ ಅಂಜದೆ ಸಕ್ಕರೆ ಹಾಕಿಸಿಕೊಂಡ, ಇನ್ನೊಂದು ಚಮಚ ಹೆಚ್ಚಿಗೇ ಹಾಕಿಸಿಕೊಂಡ. ನಾವು ವಾಪಸು ಬಂದ ಮೇಲೆ ಶಾಹೀನ ಫ್ರೇಮಿನ ಕಡ್ಡಿ ಬಿಸಿ ಮಾಡಿ ಅವನ ಕಿವಿಗೆ ಅಳವಡಿಸಿದಳು. ಆ ಪ್ಲಾಸ್ಟಿಕ್ಕಿನ ವಾಸನೆ ನನ್ನ ಮೂಗಿನಲ್ಲಿ ನಿಂತದ್ದು ಆಗಲೇ.

ಆದರೆ ಚೆಂಡಿನ ಕಥೆಯನ್ನು ಶಾಲೆಯ ಮೇಡಂಗೆ ನಾನು ಹೇಗೆ ಹೇಳಲಿ? ಗಡಿಯಾರದ ಕಥೆ ಹೇಳಿದರೂ ಡ್ರೈವರನ್ನು ಉಳಿಸಿಕೊಳ್ಳಲು ಮಾತು ಕಟ್ಟಿದ್ದಾಳೆ ಎನ್ನುತ್ತಾರೆ. ಶಾಹೀನ ಸಿದ್ಧವಾದ ಕನ್ನಡಕವನ್ನು ಹೊಸ ಯಂತ್ರದ ಮೇಲೆ ಇಟ್ಟಳು. ಗಾಜಿನ ನಂಬರ್ ಓದುವ ಯಂತ್ರ ಅದು. ಪರದೆಯ ಮೇಲೆ ಹಲಸೂರಿನ ಚೀಟಿಯ ಅಂಕಿಗಳೇ ಬಂದವು: ಮೈನಸ್ ಒಂದು, ಪ್ಲಸ್ ಒಂದೂವರೆ, ತೊಂಬತ್ತು. ಕನ್ನಡಕ ಮುಟ್ಟದೆ ಒಂದು ಗುಂಡಿ ಒತ್ತಿದಳು. ಅಂಕಿಗಳು ಬದಲಾದವು: ಪ್ಲಸ್ ಅರ್ಧ, ಮೈನಸ್ ಒಂದೂವರೆ, ನೂರ ಎಂಬತ್ತು. ಇನ್ನೊಮ್ಮೆ ಒತ್ತಿದಳು, ಮೊದಲಿನವು ಬಂದವು. ಕನ್ನಡಕ ಅಲ್ಲೇ ಇತ್ತು, ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಎರಡೂ ರೀತಿಯ ಬರವಣಿಗೆ ಆ ಯಂತ್ರಕ್ಕೆ ಗೊತ್ತಿತ್ತು. ಇನ್ನೊಂದು ಸಲ ಒತ್ತಮ್ಮ ಎಂದು ನಾನು ಮೊಬೈಲ್ ತೆಗೆದು ವಿಡಿಯೋ ಮಾಡಿಕೊಂಡೆ.

ಸೋಮವಾರ ಶಾಲೆಯಲ್ಲಿ ಆ ವಿಡಿಯೋ ತೋರಿಸಿದೆ. ಮೇಡಂ ಎರಡು ಚೀಟಿ ಹಿಡಿದುಕೊಂಡು ಪರದೆಯ ಅಂಕಿಗೂ ಕಾಗದದ ಅಂಕಿಗೂ ತಾಳೆ ನೋಡಿದರು. ಇನ್ನೊಂದು ಸಲ ಹಾಕಿ ಎಂದರು. ಆಮೇಲೆ ಕನ್ನಡಕ ಹಾಕಿಸಿಕೊಂಡೇ ಶಿಬಿರದ ಡಾಕ್ಟರ ಮುಂದೆ ಶರಣಪ್ಪನನ್ನು ಮತ್ತೊಮ್ಮೆ ಕೂರಿಸಬೇಕು ಎಂದು ಕೇಳಿದರು. ಅದು ನ್ಯಾಯವೇ. ಅವನು ಕಡೆಯ ಸಾಲಿನವರೆಗೂ ಓದಿ ಬಂದ. ಹೆತ್ತವರ ಗುಂಪಿಗೆ ಮೇಡಂ ಅವರೇ ವಿಷಯ ಬರೆದರು, ವಿಡಿಯೋ ಸಮೇತ. ದೂರು ಕೊಟ್ಟ ತಾಯಿ ಮರುದಿನ ಬೆಳಿಗ್ಗೆ ಶರಣಪ್ಪನಿಗೆ ಕನ್ನಡಕ ಚೆನ್ನಾಗಿ ಒಪ್ಪುತ್ತದೆ ಎಂದರಂತೆ. ಮಾಳಿಗೆಯ ಮೇಲೆ ಗೋಣಿಚೀಲದಿಂದ ಪಾತ್ರೆಗಳು ಹೊರಗೆ ಬಂದ ಸದ್ದು ಕೆಳಗಿನವರೆಗೂ ಕೇಳಿಸಿತು. ಅತ್ತೆ ಮಾತ್ರ ಹಾಗಲಕಾಯಿ ಪಲ್ಯದಿಂದ ಗುಣವಾಯಿತು ಎಂದರು, ಇವತ್ತಿಗೂ ಎನ್ನುತ್ತಾರೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ನಾನು ಗೆದ್ದ ಕಥೆ ಎಂದು ಊರೆಲ್ಲ ಹೇಳಿಕೊಂಡು ತಿರುಗಬಹುದಿತ್ತು. ಹೇಳಿಕೊಂಡು ತಿರುಗಿದ್ದೂ ಉಂಟು. ಆದರೆ ಅದಾಗಿ ಒಂದು ವಾರವಾಗಿರಬೇಕು, ಬೆಳಿಗ್ಗೆಯ ಟ್ರಿಪ್ಪು ಮುಗಿಸಿ ಬಂದ ಶರಣಪ್ಪ ಚಾವಿ ಕೊಡದೆ ಅಂಗಳದಲ್ಲೇ ನಿಂತ. ಏನೋ ಕೇಳಬೇಕೆಂದು ನಿಂತವನ ನಿಲುವು. ಸಂಬಳದ ಮಾತಿರಬೇಕೆಂದು ನಾನೂ ತಯಾರಾದೆ. ಅವನು ಕೇಳಿದ್ದು ಸೀಟಿನ ವಿಷಯ. ನನ್ನ ನಿಯಮವನ್ನು ಒಂದು ಮಗುವಿನ ಮಟ್ಟಿಗೆ ಬದಲಾಯಿಸಬಹುದೇ ಎಂದ. ಯಾಕೆ ಎಂದೆ.

“ಕಡೀ ಸೀಟಿನ್ಯಾಗ ಒಂದು ಕೂಸು ದಿನಾ ಅಳ್ತದ್ರಿ ಅಕ್ಕಾರ. ಸಪ್ಪಳ ಮಾಡಂಗಿಲ್ಲ, ಕಣ್ಣಾಗ ನೀರು ಬರ್ತಾವ ಅಷ್ಟೇ. ಚಾಳೀಸು ಹಾಕ್ಕೊಂಡ ಮ್ಯಾಲೆ ಕನ್ನಡ್ಯಾಗ ಕಂಡೀನ್ರಿ.”

ಅನ್ವಿತಾ ಎಂದು ಆ ಮಗುವಿನ ಹೆಸರು. ಆ ವರ್ಷವೇ ಶಾಲೆಗೆ ಸೇರಿದವಳು, ವ್ಯಾನಿನಲ್ಲಿ ಎಲ್ಲರಿಗಿಂತ ಪುಟ್ಟವಳು. ಅವಳ ಮನೆ ಮೊದಲು ಸಿಗುತ್ತದೆ. ಮೊದಲು ಹತ್ತಿದವರು ಕಡೆಯ ಸೀಟಿಗೆ, ಆದ್ದರಿಂದ ಅವಳು ಹೋಗಿ ಕಡೆಯ ಸೀಟಿನ ಮೂಲೆಯಲ್ಲಿ ಕೂರುತ್ತಿದ್ದಳು. ಮುಂದೆ ಕೂತ ದೊಡ್ಡ ಮಕ್ಕಳ ತಲೆಗಳ ಹಿಂದೆ ಅವಳು ಇದ್ದಾಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಯಾಗೆ ಬಾಗಿಲಿನದೇ ಕೆಲಸ. ಶರಣಪ್ಪನ ಕನ್ನಡಿಯಲ್ಲಿ ಅಷ್ಟು ಹಿಂದಿನ ಮುಖಗಳೆಲ್ಲ ಬರೀ ಕಲೆಗಳಾಗಿದ್ದವು.

ಆದರೆ ನಾನು? ಅವನು ಸ್ಟೇರಿಂಗ್ ಮುಟ್ಟದ ದಿನಗಳಲ್ಲಿ ಅದೇ ವ್ಯಾನನ್ನು ನಾನು ಓಡಿಸಿದ್ದೆ. ಅದೇ ಕನ್ನಡಿ ನನ್ನ ಮುಂದೆಯೂ ಇತ್ತು. ಆಗ ನನ್ನ ಕಣ್ಣು ಯಾವ ಗಾಜಿನ ಹಂಗೂ ಇಲ್ಲದೆ ಆರಕ್ಕೆ ಆರು. ಕನ್ನಡಿಯಲ್ಲಿ ನಾನು ನೋಡಿದ್ದು ಹಿಂದಿನಿಂದ ಬರುವ ಬಸ್ಸನ್ನು, ಬಲಕ್ಕೆ ನುಗ್ಗುವ ಆಟೋವನ್ನು. ಮಕ್ಕಳ ತಲೆ ಎಣಿಸಿ ಸರಿಯಿದೆ ಎಂದುಕೊಂಡಿದ್ದೆ, ಆ ತಲೆಗಳಲ್ಲಿ ಒಂದರ ಕಣ್ಣು ಒದ್ದೆಯಾಗಿದೆ ಎಂಬುದನ್ನು ನೋಡಿರಲಿಲ್ಲ. ನಾಳೆಯಿಂದ ಅವಳನ್ನು ಮುಂದೆ ಕೂರಿಸು ಎಂದು ಶರಣಪ್ಪನಿಂದ ಚಾವಿ ಇಸಿದುಕೊಂಡೆ. ಅವತ್ತು ನನಗೆ ಬಹಳ ಬೇಜಾರಾಗಿತ್ತು, ಅದಕ್ಕಿಂತ ಹೆಚ್ಚಾಗಿ ಆ ಮನುಷ್ಯನನ್ನು ಊರಿಗೆ ಕಳಿಸದೆ ಉಳಿಸಿಕೊಂಡೆನಲ್ಲ ಎಂದು ಸಮಾಧಾನವಾಗಿತ್ತು.

ಮರುದಿನದಿಂದ ಅನ್ವಿತಾ ಡ್ರೈವರ್ ಸೀಟಿನ ಹಿಂದೆಯೇ ಕೂತಳು. ಮೊದಲು ಹತ್ತಿದವರು ಹಿಂದೆ ಎಂಬ ನಿಯಮ ಈಗಲೂ ಇದೆ, ಆದರೆ ಎಲ್ಲರಿಗಿಂತ ಪುಟ್ಟ ಮಗುವನ್ನು ಬಿಟ್ಟು.

ಮೊನ್ನೆ ಶಾಹೀನಳ ಅಂಗಡಿಯಿಂದ ಹೊರಗೆ ಬಂದಾಗ ಗಲ್ಲಿಯ ತುದಿಯಲ್ಲಿ ಶರಣಪ್ಪ ವ್ಯಾನ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವನ ಕನ್ನಡಕದ ನಂಬರ್ ಈಗ ಸ್ವಲ್ಪ ಬದಲಾಗಿದೆ, ಎಷ್ಟು ಬದಲಾಗಿದೆ ಎಂದು ಅವನೇ ಚೀಟಿ ಓದಿ ನನಗೆ ಹೇಳುತ್ತಾನೆ. ನನ್ನ ಕನ್ನಡಕ ನೋಡಿ ಚಂದ ಅದ ಎಂದ. ದಾರಿಯಲ್ಲಿ ಅನ್ವಿತಾಳ ಮೇಲೆ ದೂರು ಹೇಳಿದ. ಅವಳು ಈಗ ದೊಡ್ಡ ಕ್ಲಾಸಿಗೆ ಬಂದಿದ್ದಾಳೆ. ತಾನಾಗಿಯೇ ಗೆಳತಿಯರ ಜೊತೆ ಮತ್ತೆ ಕಡೆಯ ಸೀಟಿಗೆ ಹೋಗಿದ್ದಾಳೆ. ಅಲ್ಲಿಂದ ಅವಳ ಗಲಾಟೆ ಎಷ್ಟೆಂದರೆ ಹಾರ್ನ್ ಕೂಡ ಕೇಳಿಸುವುದಿಲ್ಲವಂತೆ. ಸ್ವಲ್ಪ ಗದರಬಾರದೇನೋ ಎಂದೆ. ಗದರಬೇಕೆಂದು ದಿನಾ ಕನ್ನಡಿಯಲ್ಲಿ ನೋಡುತ್ತಾನಂತೆ, ನೋಡಿ ಸುಮ್ಮನಾಗುತ್ತಾನಂತೆ.